ಓಲ್ಡ್ ಟೌನಿಗೆ ಹೋದ ಮರಿ ಗಿಟಾರು

ಒಂದು ಮನೆಯ ಯಜಮಾನ ಏನಾಗಬೇಕೆಂದುಕೊಂಡಿದ್ದ ಎಂಬುದು ತಿಳಿಯಬೇಕಾದರೆ ಆ ಮನೆಯ ಬೀರುವಿನ ಮೇಲೆ ಕಣ್ಣು ಹಾಯಿಸಬೇಕು. ಒಳಗಿರುವುದು ಬಟ್ಟೆಬರೆ, ಅದು ಎಲ್ಲರಿಗೂ ಒಂದೇ. ಮೇಲಿರುವುದೇ ಅವನ ಆತ್ಮಕಥೆ. ಶಿವಮೊಗ್ಗದ ಆಲ್ಕೊಳದಲ್ಲಿ ನಮ್ಮ ಪಕ್ಕದ ಮನೆಯ ಮೇಷ್ಟರ ಬೀರುವಿನ ಮೇಲೆ ಕೇರಂ ಬೋರ್ಡಿದೆ. ನನ್ನ ಷಡ್ಡಕನ ಬೀರುವಿನ ಮೇಲೆ ಎದೆ ಅಗಲವಾಗಲೆಂದು ಎಳೆಯುವ ಸ್ಪ್ರಿಂಗ್ ಇದೆ. ಈಗ ಅವನ ಹೊಟ್ಟೆ ಮಾತ್ರ ಅಗಲವಾಗಿದೆ. ನನ್ನ ಬೀರುವಿನ ಮೇಲೆ ಬಹಳ ಕಾಲ ಮಲಗಿದ್ದದ್ದು ಒಂದು ಗಿಟಾರು. ಕಾಲೇಜಿನ ದಿನಗಳಲ್ಲಿ ಅಪ್ಪನನ್ನು ಕಾಡಿ ಬೇಡಿ ಕೊಂಡದ್ದು. ಅದರಲ್ಲಿ ನಾನು ಕಲಿತದ್ದು ಮೂರೇ ಮೂರು ಹಿಡಿತ. ಹಿಡಿತವೆಂದರೆ ಎಡಗೈಯ ಬೆರಳುಗಳನ್ನು ತಂತಿಗಳ ಮೇಲೆ ಕೂರಿಸುವ ಬಗೆ. ನಾಲ್ಕನೆಯದಕ್ಕೆ ಕಿರುಬೆರಳು ಬೇಕಿತ್ತು, ಅದು ಒಪ್ಪಲಿಲ್ಲ. ಮೂರರಲ್ಲೇ ಸಂಸಾರ ನಡೆಯುತ್ತದೆಂದು ನಾನೂ ಬಲವಂತ ಮಾಡಲಿಲ್ಲ.

ದೊಡ್ಡ ಗಿಟಾರಿನ ತೊಂದರೆ ಅದರ ದೊಡ್ಡತನವೇ. ನುಡಿಸಬೇಕೆಂದು ಮನಸ್ಸಾದರೆ ಸ್ಟೂಲ್ ತರಬೇಕು, ಹತ್ತಬೇಕು, ಧೂಳಿಗೆ ಸೀನಬೇಕು, ಇಳಿಸಿ ಒರೆಸಬೇಕು, ಶ್ರುತಿ ಮಾಡಬೇಕು. ಇಷ್ಟಾಗುವಷ್ಟರಲ್ಲಿ ಮನಸ್ಸು ಕಾಫಿಯ ಕಡೆ ಹೋಗಿರುತ್ತದೆ. ನನ್ನ ನೌಕರಿ ಭದ್ರಾವತಿಯಲ್ಲಿ. ದಿನವೂ ಬೆಳಿಗ್ಗೆ ಶಿವಮೊಗ್ಗದಿಂದ ಪ್ಯಾಸೆಂಜರ್ ರೈಲು, ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಒಮ್ಮೆ ಉತ್ಸಾಹದಲ್ಲಿ ಗಿಟಾರನ್ನು ರೈಲಿಗೆ ಒಯ್ದೆ. ಅದನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ತರಕಾರಿ ಬುಟ್ಟಿ ಹಿಡಿದು ನಿಂತಿದ್ದ ಅಜ್ಜಿಯೊಬ್ಬರು ಗಿಟಾರನ್ನೂ ನನ್ನನ್ನೂ ಸರದಿಯಂತೆ ನೋಡಿ, ನಮ್ಮಿಬ್ಬರಲ್ಲಿ ಟಿಕೆಟ್ ತೆಗೆದವರು ಯಾರು ಎಂದು ಕೇಳಿದರು. ನಾನೇ ಎಂದೆ. ಹಾಗಾದರೆ ಅದನ್ನು ಎಬ್ಬಿಸು ಅಂದರು. ನ್ಯಾಯವಾದ ಮಾತು. ಮರುದಿನ ಗಿಟಾರು ಬೀರುವಿನ ಮೇಲಕ್ಕೆ ಮರಳಿತು.

ಎರಡು ಸಾವಿರದ ಇಸವಿ ದಾಟಿದ ಹೊಸತು. ಸವಳಂಗ ರಸ್ತೆಯಲ್ಲಿ ಒಂದು ಅಂಗಡಿಯಿತ್ತು. ಒಂದು ಗೋಡೆಗೆ ತಬಲಾ, ಹಾರ್ಮೋನಿಯಂ; ಎದುರು ಗೋಡೆಗೆ ಕ್ರಿಕೆಟ್ ಬ್ಯಾಟು, ಷಟಲ್ ಕಾಕು. ಮಗನಿಗೆಂದು ಚೆಂಡು ಕೊಳ್ಳಲು ಹೋದವನು ಸಂಗೀತದ ಗೋಡೆಯ ಕಡೆ ತಿರುಗಿಬಿಟ್ಟೆ. ಅಲ್ಲಿ ಒಂದು ಉಕುಲೇಲೆ ತೂಗುತ್ತಿತ್ತು. ಅಂಗೈ ಅಗಲದ ಮುದ್ದು ವಾದ್ಯ. ಅಂಗಡಿಯ ಖಾದರ್ ಸಾಹೇಬರು ಇಳಿಸಿ ಕೈಗೆ ಕೊಟ್ಟರು. ರೈಲಿಗೆ ಹೇಳಿ ಮಾಡಿಸಿದ ಗಾತ್ರ, ಆದರೆ ತಂತಿ ನಾಲ್ಕೇ. ನನ್ನ ಮೂರು ಹಿಡಿತಗಳು ಆರು ತಂತಿಯ ಮೇಲೆ ಬೆಳೆದವು. ನಾಲ್ಕು ತಂತಿ ಕಂಡು ಬೆರಳುಗಳು, ಬಾಗಿಲು ಬದಲಾದ ಮನೆಯಲ್ಲಿ ಕತ್ತಲಲ್ಲಿ ಓಡಾಡುವವರಂತೆ ತಡಕಾಡಿದವು. ನನ್ನ ಮುಖ ನೋಡಿ ಸಾಹೇಬರು ಒಳಗೆ ಹೋಗಿ ಇನ್ನೊಂದು ಚೀಲ ತಂದರು. ಬೆಂಗಳೂರಿನಿಂದ ಬಂದ ಮಾಲಿನ ಜೊತೆ ಬಂದದ್ದಂತೆ, ಇದನ್ನು ಗಿಟಾರ್ ಅನ್ನಬೇಕೋ ಉಕುಲೇಲೆ ಅನ್ನಬೇಕೋ ತಿಳಿಯದೆ ಒಳಗಿಟ್ಟಿದ್ದರಂತೆ. ತೆಗೆದು ನೋಡಿದೆ. ಗಾತ್ರ ಉಕುಲೇಲೆಗಿಂತ ಒಂದು ಗೇಣು ಹೆಚ್ಚು, ತಂತಿ ಮಾತ್ರ ಗಿಟಾರಿನಂತೆ ಆರು. ಮೂರು ನೈಲಾನಿನವು, ಮೂರು ಲೋಹದ ಎಳೆ ಸುತ್ತಿದವು. ಹೆಸರು ಗಿಟಾಲೇಲೆ. ತೊಡೆಯ ಮೇಲಿಟ್ಟು ನನ್ನ ಹಳೆಯ ಹಿಡಿತ ಹಿಡಿದೆ. ಬೆರಳುಗಳು ತಾವಾಗಿಯೇ ಹೋಗಿ ಕೂತವು.

“ಲಾಯಕ್ಕಾಗಿದೆ ಸಾರ್ ನಿಮ್ಮ ಕೈಗೆ,” ಎಂದರು ಸಾಹೇಬರು. “ಇದನ್ನ ಕೇಳ್ಕೊಂಡು ಬಂದವರು ನೀವೇ ಮೊದಲು.” ನಾನು ಕೇಳಿಕೊಂಡು ಬಂದದ್ದು ಚೆಂಡು. ಅದನ್ನು ಮರೆತು ಮನೆಗೆ ಹೋದೆ.

ಆ ವಾದ್ಯವನ್ನು ಎಷ್ಟು ಹೊಗಳಿದರೂ ನನಗೆ ತೃಪ್ತಿಯಿಲ್ಲ. ಅದಕ್ಕೆ ಬೀರು ಬೇಕಿಲ್ಲ. ಬಾಗಿಲ ಹಿಂದೆ ಛತ್ರಿಯ ಪಕ್ಕದ ಮೊಳೆ ಸಾಕು. ಕೈ ಚಾಚಿದರೆ ಸಿಗುತ್ತದೆ. ಅನ್ನ ಆಗುವವರೆಗೆ ನುಡಿಸಬಹುದು, ಕರೆಂಟು ಬರುವವರೆಗೆ ನುಡಿಸಬಹುದು. ರೈಲಿನಲ್ಲಿ ತೊಡೆಯ ಮೇಲೆ ಕೂತರೆ ಪಕ್ಕದವರ ಪೇಪರಿಗೂ ತಾಗುವುದಿಲ್ಲ. ನೈಲಾನ್ ತಂತಿಗಳು ಬೆರಳನ್ನು ಕೊಯ್ಯುವುದಿಲ್ಲ. ಅಷ್ಟು ಚಿಕ್ಕ ಹೊಟ್ಟೆಯಿಂದ ಬರುವ ದನಿ ಚಿಕ್ಕದೇನೂ ಅಲ್ಲ; ಬೋಗಿಯ ಆ ತುದಿಯಲ್ಲಿ ತೂಕಡಿಸುವವರು ಕಣ್ಣು ಬಿಟ್ಟು ನೋಡುವಷ್ಟಿದೆ. ಭದ್ರಾವತಿಯ ಪೇಪರ್ ಟೌನಿನಿಂದ ಬರುವ ನಮ್ಮ ಆಫೀಸಿನ ಮುರುಗೇಶ ಮೊದಲ ದಿನ ಅದನ್ನು ನೋಡಿದವನೇ, “ಏನ್ ಸಾರ್, ನಿಮ್ಮ ಗಿಟಾರ್ ಕುಟ್ಟಿ ಪೋಟ್ಟಿರುಕ್ಕಾ?” ಎಂದ. ಗಿಟಾರು ಮರಿ ಹಾಕಿದೆಯೇ ಎಂದು ಅವನ ಪ್ರಶ್ನೆ. ಅಂದಿನಿಂದ ಅದಕ್ಕೆ ಮರಿ ಗಿಟಾರು ಎಂದೇ ಹೆಸರಾಯಿತು.

ಇಲ್ಲಿ ನನ್ನ ಹೆಂಡತಿ ನೀಲಾಳ ವಿಷಯ ಹೇಳಬೇಕು, ಏಕೆಂದರೆ ಈ ಕಥೆ ನಿಜವಾಗಿ ಅವಳದು. ಅವಳ ತವರು ಭದ್ರಾವತಿಯ ಓಲ್ಡ್ ಟೌನು. ಆ ಮನೆಯಲ್ಲಿ ಶ್ರಾವಣದ ಕಡೆಯ ಸೋಮವಾರ ಸಂಜೆ ಪೂಜೆಯಾದ ಮೇಲೆ ಎಲ್ಲರೂ ಸೇರಿ ವಚನ ಹಾಡುವ ರೂಢಿ. ಹಾರ್ಮೋನಿಯಂ ಹಿಡಿಯುವವರು ಅವಳ ದೊಡ್ಡಪ್ಪ, ನನಗೆ ದೊಡ್ಡ ಮಾವನವರು. ಒಳ್ಳೆಯ ಮನುಷ್ಯ, ಒಳ್ಳೆಯ ಕಂಠ. ಅವರ ಶ್ರುತಿ ಬಿಳಿ ಒಂದು, ಅಂದರೆ ಗಂಡಸರ ದನಿಗೆ ಹೊಂದುವ ಶ್ರುತಿ. ಗಂಡಸರು ಹಾಡಲಿ, ಹೆಂಗಸರು ಹಾಡಲಿ, ಮಕ್ಕಳು ಹಾಡಲಿ, ಅವರು ಹಿಡಿಯುವುದು ಅದೇ. ಬದಲಾಯಿಸಿ ಎಂದು ಹೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಹೆದರಿಕೆಯಿಂದಲ್ಲ, ಗೌರವದಿಂದ. ಹಿರಿಯರು ಕೊಟ್ಟ ಶ್ರುತಿ ಪ್ರಸಾದವಿದ್ದ ಹಾಗೆ. ಉಪ್ಪು ಕಡಿಮೆ ಎನ್ನುವ ಹಾಗಿಲ್ಲ.

ನೀಲಾಳದು ಎತ್ತರದ ಶ್ರುತಿಯ ದನಿ. ದೊಡ್ಡಪ್ಪನ ಶ್ರುತಿಯಲ್ಲಿ ಅವಳು ಕೆಳಗೆ ಹಾಡಿದರೆ ಪಕ್ಕದವರಿಗೂ ಕೇಳಿಸುತ್ತಿರಲಿಲ್ಲ, ಮೇಲೆ ಹಾಡಿದರೆ ಕತ್ತಿನ ನರ ಉಬ್ಬುತ್ತಿತ್ತು. ನಮ್ಮ ಮದುವೆಯಾದ ಹೊಸತರಲ್ಲಿ ಒಮ್ಮೆ ನಡುವೆಯೇ ದನಿ ಒಡೆದುಹೋಯಿತು. ಪಾಪ, ನೀಲಾಳ ಗಂಟಲು ಹೋಯಿತು ಎಂದು ಅತ್ತೆಯರು ಮರುಗಿದರು. ಆ ಮರುಕ ಅವಳನ್ನು ಎಷ್ಟು ಚುಚ್ಚಿತೆಂದರೆ ಅಂದಿನಿಂದ ಅಲ್ಲಿ ಹಾಡುವುದನ್ನೇ ಬಿಟ್ಟಳು. ಪ್ರತಿ ಶ್ರಾವಣ ಹಾಡಿನ ಹೊತ್ತಿಗೆ ಸರಿಯಾಗಿ ಅವಳಿಗೆ ಅಡಿಗೆಮನೆಯಲ್ಲಿ ಕೆಲಸ ಬೀಳುತ್ತಿತ್ತು. ನಮ್ಮ ಮನೆಯಲ್ಲಿ ಮಾತ್ರ ಗುನುಗುತ್ತಿದ್ದಳು, ಅದೂ ನಾನು ಎದುರಿಗಿಲ್ಲದಾಗ. ನಾನು ಹಿಂದೆ ದೊಡ್ಡ ಗಿಟಾರು ಇಳಿಸಿ ಜೊತೆ ಕೊಡಲು ನೋಡಿದ್ದೆ. ಆದರೆ ನನ್ನ ಮೂರು ಹಿಡಿತಗಳೂ ಅವಳಿಗೆ ತಗ್ಗು. ಒಬ್ಬರು ದೊಡ್ಡಪ್ಪ ಸಾಕು, ಮನೆಯಲ್ಲೂ ಇನ್ನೊಬ್ಬರು ಬೇಡ ಎಂದು ಎದ್ದು ಹೋಗಿದ್ದಳು.

ಮರಿ ಗಿಟಾರು ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸ, ಅದರ ಬೆನ್ನು ಮುರಿದದ್ದು. ಆರು ತಂತಿ ಇದ್ದ ಮೇಲೆ ಗಿಟಾರೇ ತಾನೆ ಎಂದುಕೊಂಡು, ಹಳೆಯ ಶ್ರುತಿಪೀಪಿ ಊದಿ ದೊಡ್ಡ ಗಿಟಾರಿನ ಶ್ರುತಿಗೇ ಇಳಿಸಿದೆ. ತಂತಿಗಳು ಮಳೆಯಲ್ಲಿ ನೆನೆದ ಬಟ್ಟೆಹಗ್ಗದಂತೆ ಜೋತುಬಿದ್ದವು. ಮೀಟಿದರೆ ನಾದದ ಬದಲು ಕಟ್ಟಿಗೆಗೆ ಬಡಿದು ಬರ್ರ್ ಎನ್ನುತ್ತಿತ್ತು. ಖಾದರ್ ಸಾಹೇಬರು ಡಿಫೆಕ್ಟ್ ಮಾಲು ದಾಟಿಸಿದರೆಂದು ಎರಡು ದಿನ ಮನಸ್ಸಿನಲ್ಲೇ ಜಗಳವಾಡಿದೆ.

ಮೂರನೆಯ ದಿನ ಭಾನುವಾರ. ನಾನು ಸ್ನಾನ ಮುಗಿಸಿ ಬರುವಾಗ ನೀಲಾ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾಳೆ. “ರೀ, ಇದು ಯಾಕಿಷ್ಟು ಜೋಲು ಬಿದ್ದಿದೆ?” ಎನ್ನುತ್ತ ನಡುವಿನ ಒಂದು ತಂತಿಯ ಕಿವಿ ಹಿಂಡುತ್ತಿದ್ದಾಳೆ, ಜೊತೆಗೆ ಗುನುಗುತ್ತಿದ್ದಾಳೆ. ತಂತಿ ಕಡಿದು ಮುಖಕ್ಕೆ ಬಡಿದೀತೆಂದು ನನಗೆ ಗಾಬರಿ. ಬೇಡ ಮಾರಾಯ್ತಿ ಎಂದೆ. ಅವಳು ತನ್ನ ಷಡ್ಜಕ್ಕೆ ತಂತಿ ಬಂದು ಸೇರುವವರೆಗೂ ಬಿಗಿದು, ಮೀಟಿ, ತಲೆಯಾಡಿಸಿ, ಒಗ್ಗರಣೆ ಹೊತ್ತುತ್ತದೆಂದು ಎದ್ದು ಹೋದಳು. ಆರರಲ್ಲಿ ಅದೊಂದೇ ತಂತಿ ನೆಟ್ಟಗೆ ನಿಂತಿತ್ತು. ಅದನ್ನು ಮತ್ತೆ ಇಳಿಸಲು ಸೋಮಾರಿತನವಾಗಿ, ಉಳಿದ ಐದನ್ನೂ ಅದಕ್ಕೇ ಹೊಂದಿಸಿ ಏರಿಸಿದೆ. ನನ್ನ ಮೊದಲ ಹಿಡಿತ ಹಿಡಿದು ಮೀಟಿದೆ. ಬಾಗಿಲು ತೆರೆದು ಬಿಸಿಲು ಒಳಗೆ ಬಂದಂತಾಯಿತು. ಅಡಿಗೆಮನೆಯಿಂದ ಗುನುಗು ನಿಂತಿತು. ಆಮೇಲೆ ಗುನುಗಲ್ಲ, ಹಾಡೇ ಬಂತು. ಪೂರಾ ಒಂದು ವಚನ, ಎಲ್ಲೂ ಒಡೆಯದೆ. ಈ ದನಿಯ ಜೊತೆ ಇಷ್ಟು ವರ್ಷ ಇದ್ದೂ ನಾನು ಅದನ್ನು ಕೇಳಿರಲಿಲ್ಲ. ಒಗ್ಗರಣೆ ಹೊತ್ತಿತ್ತು, ಅದನ್ನೇ ಸಂತೋಷದಿಂದ ಉಂಡೆ.

ಮುಂದೆ ಖಾದರ್ ಸಾಹೇಬರು ಹೇಳಿದರು, ಆ ವಾದ್ಯವನ್ನು ಮಾಡಿದವರು ಇಟ್ಟ ಶ್ರುತಿಯೇ ಅದಂತೆ. ಅದೇ ಹಿಡಿತ ಹಿಡಿದರೂ ಗಿಟಾರಿಗಿಂತ ಎತ್ತರದ ದನಿ ಬರುವಂತೆಯೇ ಅದನ್ನು ಮಾಡಿರುವುದಂತೆ. ನೀಲಾಳನ್ನು ಕೇಳಿ ಮಾಡಿದ ಹಾಗಿದೆ.

ಆ ವರ್ಷದ ಶ್ರಾವಣದ ಕಡೆಯ ಸೋಮವಾರ ಮರಿ ಗಿಟಾರನ್ನು ಹೆಗಲಿಗೆ ಹಾಕಿಕೊಂಡು ಹೊರಟೆ. ಸುಮ್ಮನೆ ತೋರಿಸಲಿಕ್ಕೆ ಎಂದು ಹೇಳಿದೆ. ನೀಲಾ ನಂಬಲಿಲ್ಲ, ಬೇಡವೆಂದೂ ಹೇಳಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. ಇನ್ನೊಮ್ಮೆ ಅಲ್ಲಿ ದನಿ ಒಡೆದರೆ ಮನೆಯಲ್ಲೂ ಹಾಡುವುದಿಲ್ಲವೆಂದು ನನಗೆ ಗೊತ್ತಿತ್ತು. ಓಲ್ಡ್ ಟೌನಿನ ಮನೆಯಲ್ಲಿ ದೊಡ್ಡ ಮಾವನವರು ವಾದ್ಯವನ್ನು ಅತ್ತಿತ್ತ ತಿರುಗಿಸಿ ನೋಡಿ, ಚೆನ್ನಾಗಿದೆ ಎಂದು ಮೆಚ್ಚಿ, ಅದರ ಹಣೆಗೂ ಮೂರು ಬೆರಳು ವಿಭೂತಿ ಎಳೆದರು. ಪೂಜೆಯಾಯಿತು, ಹಾಡು ಶುರುವಾಯಿತು. ಗಂಡಸರ ಸರದಿ ಮುಗಿದ ಮೇಲೆ, ನೀಲಾ ಎಂದಿನಂತೆ ಅಡಿಗೆಮನೆಯ ಕಡೆ ಏಳಲು ಹೊರಟಳು. ಅವಳೂ ಒಂದು ವಚನ ಹೇಳಲಿ ಎಂದು ನಾನು ಬಾಯಿಬಿಟ್ಟೆ. ದೊಡ್ಡ ಮಾವನವರು ಸಂತೋಷದಿಂದ ತಮ್ಮ ಬಿಳಿ ಒಂದನ್ನು ಹಿಡಿದರು. ನಾನು ಕಣ್ಣು ಮುಚ್ಚಿ ನನ್ನ ಮೊದಲ ಹಿಡಿತವನ್ನು ಮೀಟಿದೆ.

ಎರಡು ಶ್ರುತಿಗಳು ಒಂದೇ ಕೋಣೆಯಲ್ಲಿ ಜಗಳವಾಡಿದವು. ದೊಡ್ಡ ಮಾವನವರು ಕೈ ನಿಲ್ಲಿಸಿದರು, ಸ್ವಲ್ಪ ತಗ್ಗಿಸಲಾದೀತೇ ಎಂದು ನಯವಾಗಿ ಕೇಳಿದರು. ತಗ್ಗಿಸುವುದಾದರೆ ನನಗೆ ಬೇರೆ ಹಿಡಿತಗಳು ಬರಬೇಕು. “ಇದಕ್ಕೆ ಇದೊಂದೇ ಮಾವ,” ಎಂದೆ. ತಪ್ಪನ್ನು ವಾದ್ಯದ ಮೇಲೆ ಹಾಕಿದಂತೆ ಕೇಳಿಸಿರಬೇಕು, ಹಾಕಿದ್ದೂ ನಿಜ.

ಈಗ ನೋಡಿ ಇಕ್ಕಟ್ಟು. ಆ ಮನೆಯಲ್ಲಿ ದೊಡ್ಡಪ್ಪನ ಶ್ರುತಿಯನ್ನು ಬದಲಿಸಿ ಎನ್ನುವಂತಿಲ್ಲ. ಆದರೆ ಮನೆಗೆ ಬಂದ ಅಳಿಯನಿಗೆ ನಿಮ್ಮದು ತಪ್ಪು ಎನ್ನುವಂತೆಯೂ ಇಲ್ಲ. ಅಳಿಯ ಸಾರಿಗೆ ಸಕ್ಕರೆ ಹಾಕಿಕೊಂಡರೂ ನಮ್ಮ ಕಡೆ ಬೇಕಾದರೆ ಇನ್ನೊಂದು ಚಮಚ ತರುತ್ತಾರೆ. ಅತ್ತೆಯರೆಲ್ಲ ಅವರ ಮುಖ ನೋಡಿದರು, ನನ್ನ ಮುಖ ನೋಡಿದರು. ನೀಲಾ ನೆಲ ನೋಡುತ್ತಿದ್ದಳು. ದೊಡ್ಡ ಮಾವನವರು ಹಾರ್ಮೋನಿಯಂನ ತಿದಿ ಮುಚ್ಚಿ ಕೊಂಡಿ ಹಾಕಿದರು.

“ಅಳಿಯಂದಿರು ಆರಿಸಿ ತಂದಿರೋ ಶ್ರುತಿ,” ಎಂದರು. “ಅದರಲ್ಲೇ ಹೇಳು ಮಗಳೇ.”

ನೀಲಾ ಹೇಳಿದಳು. ನಾನು ಹೊಗಳಿದರೆ ಹೆಂಡತಿಯ ಮೇಲಿನ ಪ್ರೀತಿಯೆಂದೋ ಹೆದರಿಕೆಯೆಂದೋ ನೀವು ತಿಳಿದೀರಿ. ಇಷ್ಟು ಹೇಳುತ್ತೇನೆ: ಅವಳ ದನಿ ಮೇಲಿನ ಷಡ್ಜಕ್ಕೆ ಹೋಗಿ ಆರಾಮಾಗಿ ನಿಂತಾಗ, ಕಡುಬು ನೋಡಲು ಎದ್ದಿದ್ದ ಅತ್ತೆ ಬಾಗಿಲಲ್ಲೇ ಕೂತುಬಿಟ್ಟರು. ನನ್ನ ಮೂರು ಹಿಡಿತಗಳು ಸುತ್ತಿ ಸುತ್ತಿ ಬಂದವು, ಆ ಪುಟ್ಟ ವಾದ್ಯ ಒಮ್ಮೆಯೂ ಮುಂದೆ ನುಗ್ಗದೆ ಅವಳ ಕೈಹಿಡಿದು ನಡೆಸಿತು. ಮುಗಿದ ಮೇಲೆ ದೊಡ್ಡ ಮಾವನವರು ಅವಳ ತಲೆಯ ಮೇಲೆ ಕೈಯಿಟ್ಟರು.

“ಇಷ್ಟು ವರ್ಷ ನನ್ನ ಪೆಟ್ಟಿಗೆ ನಿನ್ನ ಕತ್ತು ಹಿಸುಕ್ತಿತ್ತಲ್ಲ. ಒಂದು ಮಾತು ಹೇಳ್ಬಾರದಿತ್ತಾ?”

“ನಿಮಗೆ ಹೇಗೆ ಹೇಳಲಿ ದೊಡ್ಡಪ್ಪ,” ಎಂದಳು ನೀಲಾ. ಇಬ್ಬರ ಕಣ್ಣೂ ಒದ್ದೆಯಾಗಿತ್ತು. ನನ್ನದೂ ಆಗಿತ್ತು, ಆದರೆ ಕಡುಬಿನ ಒಲೆಯ ಹೊಗೆ ಎಂದೆ.

ಆ ಸಂಜೆ ನನಗೆ ಸಿಕ್ಕ ಮರ್ಯಾದೆಯನ್ನು ನೆನೆದರೆ ಈಗಲೂ ಮೈ ಉಬ್ಬುತ್ತದೆ. ಅಳಿಯಂದಿರ ಸಂಗೀತಜ್ಞಾನ ಎಷ್ಟು ಆಳ, ಹಿರಿಯರಿಗೆ ನೋವಾಗದಂತೆ ಹೇಗೆ ಶ್ರುತಿ ಎತ್ತಿಸಿದರು ಎಂದು ಅತ್ತೆಯರು ಹೊಗಳಿದ್ದೇ ಹೊಗಳಿದ್ದು. ಗೊತ್ತಿದ್ದದ್ದೇ ಅಷ್ಟು ಎಂದು ಹೇಳಲು ಎರಡು ಬಾರಿ ಬಾಯಿ ತೆರೆದೆ. ಎರಡೂ ಬಾರಿ ಯಾರೋ ಬಾಯಿಗೆ ಕಡುಬು ಇಟ್ಟರು.

ನೀಲಾ ಮಾತ್ರ ಮೋಸಹೋಗಲಿಲ್ಲ. ನಾನು ಆಫೀಸಿಗೆ ಹೋದಾಗ ಮೊಳೆಯಿಂದ ಮರಿ ಗಿಟಾರನ್ನು ಇಳಿಸಿಕೊಂಡು ನನ್ನ ಮೂರೂ ಹಿಡಿತಗಳನ್ನು ಕಲಿತಳು. ಆಮೇಲೆ ನನ್ನ ಕಿರುಬೆರಳು ಒಪ್ಪದ ನಾಲ್ಕನೆಯದನ್ನೂ ಕಲಿತಳು. ಅವಳ ಕಿರುಬೆರಳು ನನ್ನದಕ್ಕಿಂತ ವಿಧೇಯ. ದೊಡ್ಡ ಮಾವನವರಿಗೆ ಅವರದೇ ಶ್ರುತಿಯಲ್ಲಿ ಜೊತೆ ಕೊಡುವುದನ್ನೂ ಕಂಡುಕೊಂಡಳು. ಆಫೀಸಿನಲ್ಲಿ ಮುರುಗೇಶ ಮರಿ ಎಲ್ಲಿ ಎಂದು ಕೇಳುತ್ತಾನೆ. ತಾಯಿಯ ಹತ್ತಿರ ಇದೆ ಎನ್ನುತ್ತೇನೆ. ಮರುವರ್ಷದ ಶ್ರಾವಣಕ್ಕೆ ಓಲ್ಡ್ ಟೌನಿನಿಂದ ಫೋನು ಬಂತು. ಆ ಸೋಮವಾರ ಆಫೀಸಿನಲ್ಲಿ ಇನ್ಸ್‌ಪೆಕ್ಷನ್, ನಾನು ಬರುವುದು ಅನುಮಾನ ಎಂದೆ. ಆ ಕಡೆಯಿಂದ ದೊಡ್ಡ ಮಾವನವರು ಬಹಳ ಗಾಬರಿಯಾದರು. ಗಿಟಾರು ಬರುತ್ತದೆ ತಾನೆ ಎಂದು ಕೇಳಿದರು.

ಕೊನೆಗೆ ಇನ್ಸ್‌ಪೆಕ್ಷನ್ ಮುಂದಕ್ಕೆ ಹೋಗಿ ನಾನೂ ಹೋದೆ. ಅಳಿಯನಲ್ಲವೇ, ಕೈ ಖಾಲಿ ಕೂರಿಸಬಾರದೆಂದು ನನಗೆ ಒಂದು ಜೊತೆ ತಾಳ ಕೊಟ್ಟಿದ್ದಾರೆ. ಮೆಲ್ಲಗೆ ಹಾಕಬೇಕೆಂದು ಹೇಳಿದ್ದಾರೆ.