ಜೇಬಿದ್ದ ಡೇರೆ

ನಮ್ಮನೆಯವರ ಜೊತೆ ಎಲ್ಲಿಗೇ ಹೊರಡಲಿ, ಹೊರಟ ಕೆಲಸ ಒಂದಾದರೆ ಆಗುವ ಕೆಲಸ ಇನ್ನೊಂದು. ಅರವತ್ತರ ದಶಕದ ಮೊದಲಲ್ಲಿ, ನಮ್ಮ ಮದುವೆಯ ಹೊಸತರಲ್ಲಿ, ಇದಕ್ಕೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಈಗ ನೆನೆಸಿಕೊಂಡರೆ ಅನ್ನಕ್ಕಿಟ್ಟ ಎಸರು ಮರೆತು ನಗುತ್ತಾ ಕೂರುತ್ತೇನೆ.

೧. ಹೆಣ್ಣು ನೋಡಲು ಬಂದವರು

ನನ್ನ ತವರು ಚಿಂತಾಮಣಿ. ಇವರು ಮೇಲೂರಿನವರು, ಶಿಡ್ಲಘಟ್ಟದಲ್ಲಿ ಮೇಷ್ಟರು. ಹೆಣ್ಣು ನೋಡುವ ದಿನ ಹಾಡು ಹೇಳಿಸುತ್ತಾರೆಂದು ಎರಡು ದೇವರನಾಮ ಉರುಹೊಡೆದು ಕೂತಿದ್ದೆ. ಇವರು ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು, "ಮೋಡಾನ ಮೇಲಿಂದ ನೋಡಿದೀರಾ?" ಎಂದು ಕೇಳಿದರು.

ಮೋಡ ಇರುವುದೇ ಮೇಲೆ. ಅದನ್ನು ಇನ್ನೂ ಮೇಲಿಂದ ನೋಡುವುದು ಹೇಗೆಂದು ನನಗೆ ತಿಳಿಯಲಿಲ್ಲ. ಇವರೇ ಹೇಳಿದರು. ಚಳಿಗಾಲದ ಬೆಳಗಿನಲ್ಲಿ ಕಳವಾರ ಬೆಟ್ಟದ ತುದಿಯಲ್ಲಿ ನಿಂತರೆ ಮೋಡ ಕಾಲ ಕೆಳಗೆ ಹಾಲಿನ ಕೆರೆಯ ಹಾಗೆ ಹರಡಿರುತ್ತದಂತೆ. ಸ್ಕೌಟ್ ಮಕ್ಕಳನ್ನು ಕರೆದುಕೊಂಡು ಹೋದಾಗ ಒಮ್ಮೆ ಕಂಡಿದ್ದರಂತೆ. ಮದುವೆಯಾದರೆ ನನಗೂ ತೋರಿಸುತ್ತಾರಂತೆ. ಈಗ ಎಲ್ಲರೂ ಸ್ಕಂದಗಿರಿ ಅನ್ನುವುದು ಅದೇ ಬೆಟ್ಟವನ್ನು. ಬಳೆ ಮಾಡಿಸುತ್ತೇನೆ, ಸರ ಮಾಡಿಸುತ್ತೇನೆ ಅನ್ನುವ ಗಂಡುಗಳು ಊರ ತುಂಬ ಇದ್ದರು. ಮೋಡ ತೋರಿಸುತ್ತೇನೆ ಅಂದವರು ಇವರೊಬ್ಬರೇ. ಒಳಗೆ ಹೋಗಿ ಅಮ್ಮನಿಗೆ ಒಪ್ಪಿಗೆ ಎಂದುಬಿಟ್ಟೆ.

ಅವರೆಲ್ಲ ಹೋದ ಮೇಲೆ ಅಪ್ಪ ಮೆಲ್ಲಗೆ ಹೇಳಿದರು: "ಹುಡುಗ ಒಳ್ಳೆಯವನೇ ಕಣಮ್ಮ. ಸ್ವಲ್ಪ ಮೇಲೆ ನೋಡ್ಕೊಂಡು ನಡೀತಾನೆ. ನೀನು ಕೆಳಗೆ ನೋಡ್ಕೊಂಡು ನಡಿ, ಸಂಸಾರ ಆಗುತ್ತೆ."

೨. ಅಲೀಪುರದ ದರ್ಜಿ

ಬೆಟ್ಟದಲ್ಲಿ ಉಳಿಯಲು ಡೇರೆ ಬೇಕಲ್ಲ. ಇವರು ಮುಂಚೆ ಗೌರಿಬಿದನೂರಿನಲ್ಲಿ ಮೇಷ್ಟರಾಗಿದ್ದಾಗ ಅಲೀಪುರದ ಒಬ್ಬ ಹಿರಿಯ ದರ್ಜಿಯ ಸ್ನೇಹವಾಗಿತ್ತು. ಖಾಕಿ ಬಟ್ಟೆ ಹೊತ್ತು ಅವರಲ್ಲಿಗೇ ಹೋದೆವು. ಅವರು ಅಂಗಿ, ಪಾಯಿಜಾಮ, ಶೇರ್ವಾನಿ ಎಲ್ಲ ಹೊಲಿದಿದ್ದರು, ಡೇರೆ ಹೊಲಿದಿರಲಿಲ್ಲ. ಆದರೂ ಇಲ್ಲವೆನ್ನಲಿಲ್ಲ. ಟೇಪು ತೆಗೆದು ಅಭ್ಯಾಸಬಲದಿಂದ ಮೊದಲು ಇವರ ಎದೆ ಅಳೆದರು, ಆಮೇಲೆ ನೆನಪಾಗಿ ನಕ್ಕು ನೆಲ ಅಳೆದರು.

ಹದಿನೈದು ದಿನಕ್ಕೆ ಡೇರೆ ಬಂತು. ಹೊಲಿಗೆ ಅಂದರೆ ಹೊಲಿಗೆ, ಒಂದು ನೂಲು ಆಚೀಚೆ ಇಲ್ಲ. ಬಾಗಿಲಿಗೆ ಮೇಲಿಂದ ಕೆಳಗೆ ಏಳು ಗುಂಡಿ, ಪಕ್ಕಕ್ಕೆ ಮುಚ್ಚಳವಿದ್ದ ದೊಡ್ಡದೊಂದು ಜೇಬು. ಡೇರೆಗೆ ಜೇಬು ಯಾಕೆಂದು ಇವರು ಕೇಳಿದರೆ ದರ್ಜಿ ನೊಂದುಕೊಂಡರು. "ಜೇಬಿಲ್ಲದ ಬಟ್ಟೆ ನನ್ನ ಮಿಷಿನ್ನಿಂದ ಇವತ್ತಿನವರೆಗೂ ಇಳಿದಿಲ್ಲ ಮೇಷ್ಟ್ರೇ. ಒಂದಲ್ಲ ಒಂದಿನ ಬೇಕಾಗುತ್ತೆ, ನೋಡ್ತಾ ಇರಿ."

೩. ಅತ್ತೆ ಹಾಕಿದ ಗೆರೆ

ಬೆಟ್ಟಕ್ಕೆ ಎರಡು ಸಲ ಹೋದೆವು. ಎರಡು ಸಲವೂ ಮೋಡ ಮೇಲೂ ಇರಲಿಲ್ಲ, ಕೆಳಗೂ ಇರಲಿಲ್ಲ, ಸರಿಯಾಗಿ ನಮ್ಮ ಮೇಲೇ ಕೂತಿತ್ತು. ಚಾಚಿದ ಕೈ ಕಾಣದಷ್ಟು ಮಂಜು. ಇವರು ಅದರೊಳಗೆ ಬೆರಳು ತೋರಿಸಿ, ಅಕೋ ಅಲ್ಲಿ ನಂದಿಬೆಟ್ಟ, ಇಕೋ ಇಲ್ಲಿ ಚಿಕ್ಕಬಳ್ಳಾಪುರ ಎಂದು ಪಾಠ ಮಾಡುತ್ತಿದ್ದರು. ನನಗೆ ಬೆರಳೇ ಕಾಣುತ್ತಿರಲಿಲ್ಲ.

ಮೂರನೆಯ ಸಲ ಅತ್ತೆ ಗೆರೆ ಹಾಕಿದರು. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದೆವು. ಹುಳುವಿನ ಮನೆಯಲ್ಲಿ ಅತ್ತೆಯ ಮಾತೇ ಮಾತು. ಮೇವು ಬಿಟ್ಟು ಹಣ್ಣಾದ ಹುಳುಗಳನ್ನೆಲ್ಲ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಹತ್ತಿಸಿದ ದಿನ ಅದು. ಗೂಡು ಕಟ್ಟುವ ಹುಳುವನ್ನು ಅಲುಗಿಸಬಾರದು, ಅದರ ಹತ್ತಿರ ಗಲಾಟೆ ಮಾಡಬಾರದು. ನಮ್ಮನೆಯವರು ಸುಮ್ಮನಿರುವ ಪೈಕಿಯಲ್ಲ, ಅದಕ್ಕೇ ಹೋಗಿಬನ್ನಿ ಎಂದರು. ಗಾಳಿ ತಡೆಯಲು ಹುಳುವಿನ ಮನೆಯ ಕಿಟಕಿಗೆ ಕಟ್ಟಿದ್ದ ನಮ್ಮ ಡೇರೆಯನ್ನು ತಾವೇ ಬಿಚ್ಚಿ ಮಡಿಸಿಕೊಟ್ಟರು. ಜೊತೆಗೆ ಒಂದು ಮಾತನ್ನೂ ಕೊಟ್ಟರು: "ಮೋಡ ಕಂಡ್ರೂ ಸರಿ, ಕಾಣದಿದ್ರೂ ಸರಿ, ಇದೇ ಕೊನೆ. ಇನ್ಮೇಲೆ ಈ ಮನೇಲಿ ಬೆಟ್ಟದ ಮಾತೆತ್ತಬಾರದು ಕಣೋ."

ಇವರು ಬಸ್ಸಿನಲ್ಲಿ ಚಿಕ್ಕಬಳ್ಳಾಪುರದವರೆಗೂ ಮುಖ ಬಾಡಿಸಿಕೊಂಡು ಕಿಟಕಿಯಿಂದ ಆಕಾಶ ನೋಡುತ್ತಾ ಕೂತರು. ಆ ಮುಖ ನೋಡಿ ನನಗೂ ಸಂಕಟವಾಯಿತು. ಮೋಡದ ಆಸೆ ಅಷ್ಟು ಹೊತ್ತಿಗೆ ನನಗೂ ಅಂಟಿತ್ತು.

೪. ಬೆಟ್ಟದ ಬುಡದ ಅಜ್ಜಿ

ಬೆಟ್ಟದ ಬುಡದ ಹಳ್ಳಿಯಲ್ಲಿ ನೀರು ಕೇಳಿದೆವು. ಕೊಟ್ಟ ಅಜ್ಜಿ ನಮ್ಮ ಪಾತ್ರೆ, ಕಂಬಳಿ, ಡೇರೆ ಎಲ್ಲ ನೋಡಿ ಗಲ್ಲಕ್ಕೆ ಕೈಯಿಟ್ಟುಕೊಂಡಳು. ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ನನ್ನನ್ನು ಸಮಾಧಾನ ಮಾಡತೊಡಗಿದಳು. ಅತ್ತೆ ಮನೆಯಿಂದ ಹೊರಗೆ ಹಾಕಿದಳೆಂದು ಕೊರಗಬಾರದಂತೆ, ಅತ್ತೆ ಸೊಸೆ ಜಗಳ ಎಲ್ಲ ಮನೆಯಲ್ಲೂ ಇದ್ದದ್ದೇ ಅಂತೆ, ಅವಳ ಮಗ ನಾಳೆಯೇ ಮೇಲೂರಿಗೆ ಹೋಗಿ ರಾಜಿ ಮಾಡಿಸುತ್ತಾನಂತೆ. ಹಾಗೇನಿಲ್ಲ ಅಂದಷ್ಟೂ ಅವಳಿಗೆ ಮರುಕ ಹೆಚ್ಚಾಯಿತು.

ಕೊನೆಗೆ ಇವರು ಎದ್ದುನಿಂತು, ನಮ್ಮನ್ನು ಯಾರೂ ಹೊರಗೆ ಹಾಕಿಲ್ಲ, ಮೋಡವನ್ನು ಮೇಲಿಂದ ನೋಡಲು ನಾವೇ ಬಂದಿದ್ದೇವೆ ಎಂದು ಬಿಡಿಸಿ ಹೇಳಿದರು. ಅಜ್ಜಿ ಇವರನ್ನು ತಲೆಯಿಂದ ಕಾಲಿನವರೆಗೆ ಒಂದು ಸಲ ನೋಡಿದಳು. ಆಮೇಲೆ ನನ್ನ ಕಡೆ ಬಗ್ಗಿ, "ನಿಮ್ಮತ್ತೇದು ತಪ್ಪಿಲ್ಲ ಬಿಡಮ್ಮ" ಅಂದಳು.

೫. ಮುದ್ದೆ ಕೋಲು

ತುದಿ ಸೇರಿ ಡೇರೆ ಹಾಕಿದೆವು. ಸಂಜೆಯ ಬಿಸಿಲು ಬಂಡೆಯ ಮೇಲೆ ಜೇನಿನ ಬಣ್ಣಕ್ಕೆ ತಿರುಗುತ್ತಿತ್ತು. ದೂರದ ಕೆರೆಗಳು ಒಂದೊಂದಾಗಿ ಮಸುಕಾದವು. ಇಬ್ಬರೇ ಹಾಗೆ ಸುಮ್ಮನೆ ಕೂತದ್ದು ಮದುವೆಯಾದ ಮೇಲೆ ಅದೇ ಮೊದಲು, ನನಗೆ ಏಳುವ ಮನಸ್ಸೇ ಇರಲಿಲ್ಲ. ಅಡುಗೆ ನನ್ನದು, ನೀನು ಒಳಗೆ ಮಲಗು ಅಂದರು ಇವರು. ಮಲಗಿದೆ. ಕಣ್ಣು ಎಳೆಯುತ್ತಿತ್ತು. ಇದ್ದಕ್ಕಿದ್ದ ಹಾಗೆ ಮನೆಯೇ ಮುಖದ ಮೇಲೆ ಬಿತ್ತು.

ಆದದ್ದು ಇಷ್ಟು. ಎಸರು ಕುದಿದು, ರಾಗಿಹಿಟ್ಟು ಸುರಿದು, ತೊಳಸಲು ನೋಡಿದರೆ ಮುದ್ದೆ ಕೋಲು ಮನೆಯಲ್ಲೇ ಉಳಿದಿದೆ. ಹಿಟ್ಟು ಗಂಟಾಗುತ್ತಿದೆ. ಕೈಗೆ ಸಿಕ್ಕಿದ ಕೋಲು ಎಳೆದಿದ್ದಾರೆ, ಅದು ಡೇರೆಯದು. ಮುದ್ದೆ ಮಾತ್ರ ಒಂದು ಗಂಟಿಲ್ಲದೆ ಬಂದಿತ್ತು, ಸುಳ್ಳು ಹೇಳಬಾರದು. ಏಳು ಗುಂಡಿ ಬಿಚ್ಚಿಕೊಂಡು ಮನೆಯಿಂದ ಆಚೆ ಬಂದ ಸೊಸೆ ಮೇಲೂರಿನಲ್ಲಿ ನಾನೊಬ್ಬಳೇ ಇರಬೇಕು.

೬. ಜೇಬಿನೊಳಗೆ

ಬೆಳಗ್ಗೆ ಎದ್ದರೆ ಮತ್ತೆ ಅದೇ ಮಂಜು. ಭಾನುವಾರ ಅದು, ಸೋಮವಾರ ಸ್ಕೂಲು. ಇವರು ಡೇರೆ ಬಿಚ್ಚಲು ಹೋದರು. ನಾನು ಬಾಚಣಿಗೆ ತೆಗೆಯಲೆಂದು ಡೇರೆಯ ಜೇಬಿನ ಮುಚ್ಚಳ ಎತ್ತಿದೆ. ಮೂಲೆಯಲ್ಲಿ ಒಂದು ರೇಷ್ಮೆ ಹುಳು ತಲೆಯಾಡಿಸುತ್ತಾ ನೂಲು ಎಳೆಯುತ್ತಿತ್ತು. ಕಿಟಕಿಗೆ ಕಟ್ಟಿದ್ದಾಗ ಹತ್ತಿಕೊಂಡು ಬಂದಿರಬೇಕು.

"ಡೇರೆ ಮುಟ್ಟಬೇಡಿ. ಗೂಡು ಕಟ್ತಾ ಇದೆ," ಅಂದೆ.

ಒಂದು ಹುಳುವಿಗಾಗಿ ಸ್ಕೂಲು ತಪ್ಪಿಸಲೇ ಎಂದು ಶುರುಮಾಡಿದವರು, ಜೇಬಿನೊಳಗೆ ಇಣುಕಿ ಮುಚ್ಚಳವನ್ನು ಮೆಲ್ಲಗೆ ಇಳಿಸಿದರು. ಅವರೂ ಹುಳು ಸಾಕಿದ ಮನೆಯಲ್ಲೇ ಹುಟ್ಟಿದವರು. ಆ ದಿನ ಪೂರ್ತಿ ಪಿಸುಮಾತಿನಲ್ಲೇ ಕಳೆದೆವು. ಹುಳುವಿಗೆ ತೊಂದರೆಯಾಗಬಾರದೆಂದು ಮೆಲ್ಲಗೆ ಆಡಿದ ಆ ಮಾತುಗಳೇ ನಮ್ಮ ಸಂಸಾರದ ಒಳ್ಳೆಯ ಮಾತುಗಳು.

ಸೋಮವಾರ ಬೆಳಗ್ಗೆ ಇವರು ನನ್ನ ಕೈ ಹಿಡಿದು ಬಂಡೆಯ ಅಂಚಿಗೆ ಕರೆದೊಯ್ದರು. ಕೆಳಗೆ ಊರಿಲ್ಲ, ಕೆರೆಯಿಲ್ಲ, ದಾರಿಯಿಲ್ಲ. ಬೆಳ್ಳನೆ ಮೋಡ ಕಣ್ಣು ಹೋಗುವಷ್ಟು ದೂರ ಮಲಗಿತ್ತು. ಅದರ ನಡುವೆ ನಂದಿಬೆಟ್ಟದ ತಲೆ ಮಾತ್ರ ಎದ್ದಿತ್ತು. ನನಗೆ ಅಳು ಬಂತು. ಅಪ್ಪ ಕೆಳಗೆ ನೋಡಿಕೊಂಡು ನಡಿ ಅಂದಿದ್ದರು. ಕೆಳಗೆ ನೋಡಿದರೂ ಮೋಡವೇ.

ಇಳಿಯುವಾಗ ಡೇರೆ ಮಡಿಸಲಿಲ್ಲ. ಮುಂದೆ ಇವರು, ಹಿಂದೆ ನಾನು, ಉತ್ಸವದ ಪಲ್ಲಕ್ಕಿಯ ಹಾಗೆ ಹಿಡಿದು ತಂದೆವು. ಗಾಡಿ ನಿಲ್ಲಿಸಿದ ರೈತನೊಬ್ಬ ಕೈಮುಗಿದು ಯಾವ ದೇವರು ಸ್ವಾಮಿ ಎಂದ. ಇವರಿಗೆ ಸುಳ್ಳು ಬಾರದು, ಹುಳು ಅಂದರು. ಅವನು ನಗಲಿಲ್ಲ. ಗೂಡಿಗೆ ಹತ್ತಿ ಎಷ್ಟನೇ ದಿನ ಎಂದು ಕೇಳಿ, ತಾನೂ ಒಂದು ಮೂಲೆ ಹಿಡಿದು ಬಸ್ಸಿನವರೆಗೂ ಬಂದ. ಬಸ್ಸಿನಲ್ಲಿ ಕಂಡಕ್ಟರ್ ಹಿಂದಿನ ಸೀಟು ಖಾಲಿ ಮಾಡಿಸಿದರು. ಗೂಡು ಬರುತ್ತಿದೆ ಎಂದದ್ದಕ್ಕೆ ಯಾರೂ ಎದುರಾಡಲಿಲ್ಲ. ಮರುದಿನ ಕೊಟ್ಟ ರಜಾ ಅರ್ಜಿಯಲ್ಲೂ ಇವರು ಅದೇ ಕಾರಣ ಬರೆದರು. ರೇಷ್ಮೆ ಗೂಡಿನ ಊರಾದ ಶಿಡ್ಲಘಟ್ಟದ ಹೆಡ್‌ಮೇಷ್ಟರಿಗೆ ಅದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ.

ಬಾಗಿಲಲ್ಲೇ ಅತ್ತೆ ನಿಂತಿದ್ದರು. ಇವರು ಮೋಡ ಕಂಡಿತಮ್ಮ ಎಂದು ಶುರುಮಾಡಿದರೆ, ಕೈಯೆತ್ತಿ ಸುಮ್ಮನಿರಿಸಿ ಡೇರೆಯನ್ನು ಹಾಗೆಯೇ ಒಳಗೆ ನೇತುಹಾಕಿಸಿದರು. ಗೂಡು ಬಿಡಿಸುವ ದಿನ ಚಂದ್ರಿಕೆಯ ಗೂಡುಗಳ ಪಕ್ಕದಲ್ಲಿ ಜೇಬಿನ ಗೂಡನ್ನೂ ಇಟ್ಟು ನೋಡಿದರು. ಕಿವಿಯ ಹತ್ತಿರ ಅಲ್ಲಾಡಿಸಿದರು, ಬೆರಳಲ್ಲಿ ಒತ್ತಿದರು. ಅಷ್ಟೂ ಗೂಡುಗಳಲ್ಲಿ ಅದೇ ಎಲ್ಲಕ್ಕಿಂತ ದಪ್ಪ, ಎಲ್ಲಕ್ಕಿಂತ ಗಟ್ಟಿ. ಬೆಟ್ಟದ ತಂಪು ಅದಕ್ಕೆ ಒಗ್ಗಿತ್ತೋ ಏನೋ.

ಅತ್ತೆ ಗೂಡನ್ನು ಸೆರಗಿಗೆ ಕಟ್ಟಿಕೊಂಡು ಹೇಳಿದರು:

"ಮುಂದಿನ ಗೂಡಿನ ಬೆಳೆಗೂ ಹೋಗ್ಬನ್ನಿ. ಆ ದರ್ಜಿಗೆ ಹೇಳಿ ಇನ್ನೊಂದು ನೂರು ಜೇಬು ಹೊಲಿಸ್ಕೊಳ್ಳಿ."