ಮಾವ ಇಟ್ಟ ಗುರುತಿನ ಕಲ್ಲುಗಳು

ಕೂಡ್ಲಿಗಿಯಿಂದ ಹಡಗಲಿತನಕ ನಮ್ಮ ಸೋದರಮಾವ ನಿದ್ದೆ ಕೆಡಿಸದ ಮನಿ ಒಂದಾದರೂ ಇದ್ದರೆ ತೋರಿಸಿರಿ, ನಾನು ಮೀಸೆ ಬೋಳಿಸುತ್ತೇನೆ! ಕೊಟ್ಟೂರಿನಲ್ಲಿ ನಲವತ್ತು ವರ್ಷದಿಂದ ಮೈಕ್ ಸೆಟ್ ಇಟ್ಟವನು. ಮದುವೆ, ಜವಳ, ಎಲೆಕ್ಷನ್, ಎಲ್ಲಿ ಗದ್ದಲವೋ ಅಲ್ಲಿ ಮಾವ. ಅಂಥವನು ವರ್ಷಕ್ಕೊಮ್ಮೆ ಮೌನ ಹುಡುಕಿಕೊಂಡು ಶಿಬಿರಕ್ಕೆ ಹೋಗುತ್ತಾನೆಂದರೆ ನಂಬುತ್ತೀರಾ?

ಶಿಬಿರ ಅಂದರೆ ಕೂಡ್ಲಿಗಿ ಕಡೆಯ ಗುಡ್ಡದ ಬುಡದಲ್ಲಿ ಮೂರು ದಿನ. ಸಿನಿಮಾದವರು, ಫೋಟೊದವರು, ಪತ್ರಿಕೆಯವರು ಬಂದು ಗಿಡ, ಹಕ್ಕಿ ನೋಡುತ್ತ ಸುಮ್ಮನೆ ಕೂರುತ್ತಾರೆ. ಮೊದಲ ವರ್ಷ ಅಲ್ಲಿ ಮೈಕ್ ಬೇಕಂತೆ ಎಂದು ಯಾರೋ ಹೇಳಿದ್ದಕ್ಕೆ ನಾವು ಗಾಡಿ ತುಂಬ ಮೈಕಿನ ಹಾರ್ನು ಹೇರಿಕೊಂಡು ಹೋದೆವು. "ಗುಡ್ಡದಾಗ ಮೈಕ್ ಯಾಕ್ರಿ? ಊಟ ಮಾಡಿಕೊಂಡು ಹೋಗ್ರಿ" ಅಂದರು ಶಿಬಿರದ ಮೇಡಮ್ಮು. ಊಟಕ್ಕೆ ಕುಂತ ಮಾವ ಮೂರು ದಿನ ಏಳಲಿಲ್ಲ!

ಎಲ್ಲರೂ ತಮ್ಮ ಪರಿಚಯ ಹೇಳಿಕೊಂಡರು. ಒಬ್ಬರು ಸಾಕ್ಷ್ಯಚಿತ್ರ, ಇನ್ನೊಬ್ಬರು ಪಾಡ್‌ಕಾಸ್ಟ್. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟು ಮಾವನ ಕಡೆ ದುಡಿಯಲು ನಿಂತವನು. ದುಡಿಮೆಗೆ ಎಂದೂ ನಾಚಿದವನಲ್ಲ, ಆದರೂ ಅಲ್ಲಿ ಮಾವನ ಬೆನ್ನ ಹಿಂದೆ ಸರಿದೆ. ಮಾವ ಎದ್ದವನೇ, "ನಾನು ಐದು ತಾಲೂಕಿಗೆ ಕೇಳಸೂವಂಗ ಮಾಡಾವ್ರಿ!" ಅಂದ. ಚಪ್ಪಾಳೆಯೋ ಚಪ್ಪಾಳೆ! ದೊಡ್ಡ ಕಲಾವಿದ ಅಂದುಕೊಂಡರೋ ಏನೋ.

ಮರುದಿನ ಬೆಳಿಗ್ಗೆ ಮಾತಾಡದೆ ನಡೆಯುವ ಕಾರ್ಯಕ್ರಮ. ಬಂಡೆಯ ಮೇಲೆ ಗಂಡು ನವಿಲು ಗರಿ ಬಿಚ್ಚುತ್ತಿತ್ತು. ಹನ್ನೆರಡು ಕ್ಯಾಮೆರಾ ಉಸಿರು ಹಿಡಿದು ಎದ್ದವು. "ನೋಡಲೇ, ನವಿಲು!" ಮಾವ ಕೂಗಿದ್ದು ದೂರದ ಚಿಗಟೇರಿಗೂ ಕೇಳಿಸಿರಬೇಕು! ನವಿಲು ಎಲ್ಲಿಗೆ ಹೋಯಿತೋ, ದೇವರೇ ಬಲ್ಲ.

"ಸುಮ್ಮನಿರ್ರೀ!" ಅಂತ ಮೇಡಮ್ಮು ಗದರಿದರು. ಆಗಲೇ ಜಾಲಿ ಪೊದೆಯಿಂದ ಗೌಜಲಹಕ್ಕಿ ಕೂಗಿತು. ಮಾವ ನಿಜವಾಗಿಯೂ ಸುಮ್ಮನಾದ. ಬಾಯಿ ತೆರೆದೇ ಇತ್ತು.

"ವೈರಿಲ್ಲ, ಬ್ಯಾಟರಿ ಇಲ್ಲ" ಎಂದು ಪಿಸುಗುಟ್ಟಿದ. "ಹಿಡಿಯಷ್ಟು ಹಕ್ಕಿ. ಇಡೀ ಗುಡ್ಡ ತುಂಬಸೇತಲ್ಲಲೇ!"

ಅವನು ಪಿಸುಗುಟ್ಟಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಉಂಟು. ಹಾರ್ನು ಕಟ್ಟಿದ ಮೇಲೆ ಒಬ್ಬ ಊರಿನ ಕೊನೇ ಮನಿತನಕ ನಡೆದುಹೋಗಿ, ಕೇಳಿಸಿದರೆ ಟವೆಲ್ ಬೀಸಬೇಕು. ಆ ಟವೆಲ್ ನನ್ನದೇ. ಮಾವ ಹಕ್ಕಿಗೂ ಹಾಗೇ ಮಾಡಿದ! ಪೊದೆಯಿಂದ ಹಿಂದಕ್ಕೆ ನಡೆಯುತ್ತ ನಡೆಯುತ್ತ, ಕೂಗು ಕೇಳಿಸದಾದ ಜಾಗದಲ್ಲಿ ಗುರುತಿಗೊಂದು ಕಲ್ಲಿಟ್ಟ. ಮುಂದೆ ವರ್ಷಕ್ಕೊಂದು ಕಲ್ಲು.

ಆದರೆ ಕಲ್ಲುಗಳು ವರ್ಷವರ್ಷ ಪೊದೆಯ ಕಡೆಗೇ ಬರತೊಡಗಿದವು. "ಹಕ್ಕಿ ಸೋಲಾಕತ್ತೈತಲೇ" ಎಂದು ಮಾವ ಕೊರಗಿದ. ನನಗೋ ಮೊದಲ ಕಲ್ಲಿನ ಹತ್ತಿರವೂ ಅದೇ ಕೂಗು, ಗಂಟೆ ಹೊಡೆದಂತೆ! ಸೋತದ್ದು ನಲವತ್ತು ವರ್ಷ ಹಾರ್ನಿನ ಪಕ್ಕ ನಿಂತ ಕಿವಿ. ಅದನ್ನು ಮಾವನಿಗೆ ಯಾವ ಬಾಯಿಂದ ಹೇಳಲಿ?

ಈ ವರ್ಷ ಪೊದೆಯಿಂದ ಹತ್ತೇ ಹೆಜ್ಜೆಗೆ ನಿಂತುಬಿಟ್ಟ. ಕೈಯಲ್ಲಿ ಕಲ್ಲು. ಇಡಲಿಲ್ಲ.

"ಕೂಗಾಕತ್ತೈತೇನಲೇ?"

"ಹ್ಞೂಂ ಮಾವ."

ಒಂದು ಸಲ ತನ್ನ ಕಿವಿ ಮುಟ್ಟಿ ನೋಡಿಕೊಂಡ. "ಹಂಗಾರೆ ಹಕ್ಕಿ ಆರಾಮ ಐತಿ" ಅಂದ. ಆಮೇಲೆ, "ಎಲ್ಲಿತನಕ ಐತಿ, ನೋಡು ಹೋಗು. ಟವೆಲ್ ಹಿಡಕಾ."

ನಡೆದೆ. ಹೋದ ವರ್ಷದ ಕಲ್ಲು, ಟವೆಲ್ ಬೀಸಿದೆ. ಅದರ ಹಿಂದಿನದು, ಬೀಸಿದೆ. ಎಲ್ಲಕ್ಕೂ ಮೊದಲಿನ ಕಲ್ಲೂ ದಾಟಿತು, ಬೀಸಿದೆ. ಗುಡ್ಡದ ನೆತ್ತಿ ಹತ್ತಿ ಅಲ್ಲಿಂದಲೂ ಬೀಸಿದೆ. ಅಲ್ಲಿ ಕೇಳಿಸಿತೋ ಇಲ್ಲವೋ, ದಯವಿಟ್ಟು ಆಣೆ ಹಾಕಿಸಬೇಡಿರಿ.

ಕೆಳಗೆ ಕಡ್ಡಿಯಷ್ಟಾಗಿದ್ದ ಮಾವ ಕೈಯಲ್ಲಿದ್ದ ಕಲ್ಲನ್ನು ದೂರ ಒಗೆದು, ಎರಡೂ ಕೈ ಮೇಲೆತ್ತಿ ಕೂಗಿದ: "ಬರೋಬ್ಬರಿ ಐತಲೇ! ಸೆಟ್ ಬರೋಬ್ಬರಿ ಐತಿ!"

ಅದು ಮಾತಾಡಬಾರದ ಹೊತ್ತು. ಮೇಡಮ್ಮು ಮಾವನ ಪಕ್ಕದಲ್ಲೇ ನಿಂತಿದ್ದರು. ಸುಮ್ಮನಿರ್ರಿ ಅನ್ನಲಿಲ್ಲ.