ಲಿಫ್ಟಿನಲ್ಲಿ ವಿಮಾನವಿದ್ಯೆ ಕಲಿತ ಆರೋಪಕ್ಕೆ ಸಮಜಾಯಿಷಿ

ಇಂದ,
ಲಿಫ್ಟ್ ಆಪರೇಟರ್,
ಎಂಟು ಮಹಡಿಯ ಹಳೆಯ ಕಟ್ಟಡ,
(ಕೆಲಸದ ವೇಳೆಯಲ್ಲಿ ಯಾವುದಾದರೂ ಎರಡು ಮಹಡಿಗಳ ನಡುವೆ).

ಗೆ,
ಮಾನ್ಯ ವ್ಯವಸ್ಥಾಪಕರು,
ಕಟ್ಟಡ ನಿರ್ವಹಣಾ ಕಚೇರಿ,
ನೆಲಮಹಡಿ, ಮೆಟ್ಟಿಲ ಪಕ್ಕ.

ವಿಷಯ: ನನ್ನ ಮೇಲಿನ ನಾಲ್ಕು ಆರೋಪಗಳಿಗೆ ಸಮಜಾಯಿಷಿ ಸಲ್ಲಿಸುವ ಹಾಗೂ ಒಂದು ದಿನದ ರಜೆ ಕೋರುವ ಬಗ್ಗೆ.

ಉಲ್ಲೇಖ: 1) ಕಳೆದ ಸೋಮವಾರ ತಾವು ಲಿಫ್ಟಿನ ಕನ್ನಡಿಯ ಮೇಲೆ ಅಂಟಿಸಿದ ಕಾರಣ ಕೇಳುವ ನೋಟಿಸ್. (ಅಂದಿನಿಂದ ಪ್ರಯಾಣಿಕರು ತಲೆ ಬಾಚಿಕೊಳ್ಳುವುದನ್ನು ಬಿಟ್ಟು ಅದನ್ನೇ ಓದುತ್ತಿದ್ದಾರೆ.) 2) ಅದೇ ಸೋಮವಾರ ನನ್ನ ಮನೆಗೆ ಬಂದ ಇನ್ನೊಂದು ಪತ್ರ.

ಮಾನ್ಯರೇ,

ತಮ್ಮ ಹಾಗೂ ತಮಗಿಂತ ಹಿಂದಿನ ಮೂವರು ವ್ಯವಸ್ಥಾಪಕರ ಕಾಲದಲ್ಲಿ, ಒಟ್ಟು ಹತ್ತೊಂಬತ್ತು ವರ್ಷ, ಈ ಲಿಫ್ಟನ್ನು ಮೇಲಕ್ಕೂ ಕೆಳಕ್ಕೂ ನಡೆಸಿಕೊಂಡು, ಬೇರಾವ ದಿಕ್ಕಿಗೂ ಹೋಗಗೊಡದೆ ಕಾಪಾಡಿಕೊಂಡು ಬಂದಿರುವ ನಾನು ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು ಹೊರಿಸಿರುವ ನಾಲ್ಕೂ ಆರೋಪಗಳು ನಿಜ. ಆದರೆ ಕಾರಣ ಕೇಳಿದ್ದೀರಿ. ಆದ್ದರಿಂದ ಕಾರಣ ಹೇಳಬೇಕಾಗಿದೆ. ಕಾರಣ ಉದ್ದವಿದೆ. ಆ ಕಾರಣ ಹಾಳೆಯ ಎರಡೂ ಬದಿ ಬರೆದಿದ್ದೇನೆ.

ಆರೋಪ 1: ಕೆಲಸದ ವೇಳೆಯಲ್ಲಿ ಪುಸ್ತಕ ಓದಿದ್ದು.

ನನಗೆ ಒಬ್ಬಳೇ ಮಗಳು. ವಯಸ್ಸು ಇಪ್ಪತ್ತಮೂರು. ಚಪ್ಪಲಿ ಅಂಗಡಿಯಲ್ಲಿ ಕೆಲಸ. ಬೆಳಗ್ಗೆಯಿಂದ ಸಂಜೆಯವರೆಗೆ ಮಂಡಿಯೂರಿ ಕೂತು ಊರಿನವರ ಪಾದ ಅಳೆಯುತ್ತಾಳೆ. ಸೇನೆಯಲ್ಲಿ ಅಧಿಕಾರಿಯಾಗಿ ವಿಮಾನ ಹಾರಿಸಬೇಕೆಂಬುದು ಆಕೆಯ ಆಸೆ. ಈ ಆಸೆ ನಮ್ಮ ವಂಶದಲ್ಲಿ ಎಲ್ಲಿಂದ ಬಂತೆಂದು ತನಿಖೆ ಮಾಡಲಾಗಿದ್ದು, ಯಾವುದೇ ಸುಳಿವು ದೊರೆತಿಲ್ಲ. ಅದಕ್ಕೊಂದು ಅರ್ಹತಾ ಪರೀಕ್ಷೆಯಿದೆ. ಲೆಕ್ಕ, ಭಾಷೆ, ಕೋಷ್ಟಕ ಓದುವುದು ಎಲ್ಲದರಲ್ಲೂ ಆಕೆ ಚುರುಕು. ಆದರೆ ವಿಮಾನದ ಮೂಲಜ್ಞಾನ ಎಂಬ ಭಾಗದಲ್ಲಿ ಮೊದಲ ಸಲ ಇಪ್ಪತ್ತಕ್ಕೆ ನಾಲ್ಕು ತೆಗೆದು ಮನೆಗೆ ಬಂದಳು. ಎರಡೇ ಸಲ ಕೂರಲು ಅವಕಾಶ.

ಎರಡನೇ ಸಲಕ್ಕೆ ನಾಲ್ಕು ತಿಂಗಳಿದ್ದಾಗ, ಸಂಜೆ ಪುಸ್ತಕ ಹಿಡಿದರೆ ಎರಡನೇ ಸಾಲಿಗೇ ತೂಕಡಿಸುತ್ತಿದ್ದವಳು ಅದನ್ನು ನನ್ನ ತೊಡೆಯ ಮೇಲೆ ಹಾಕಿ ಹೇಳಿದಳು: "ಅಪ್ಪಾ, ನೀನು ದಿನಾ ಪೂರ್ತಿ ಸುಮ್ನೆ ಮೇಲೆ ಕೆಳಗೆ ಹೋಗ್ತಾ ಇರ್ತೀಯಲ್ಲ. ನೀನೇ ಓದು. ರಾತ್ರಿ ಊಟ ಮಾಡ್ತಾ ನಂಗೆ ಹೇಳು."

"ಸುಮ್ನೆ" ಎಂಬ ಪದಕ್ಕೆ ನನ್ನ ಲಿಖಿತ ಆಕ್ಷೇಪಣೆಯನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಪುಸ್ತಕವನ್ನು ಮಾತ್ರ ತೆಗೆದುಕೊಂಡೆ.

ಮೊದಲ ಅಧ್ಯಾಯದ ತಲೆಬರಹವೇ "ಲಿಫ್ಟ್" ಎಂದಿತ್ತು. ಅದನ್ನು ಕಂಡು ನನಗಾದ ಹೆಮ್ಮೆ ತಮಗೆ ಅರ್ಥವಾಗಬಹುದು. ಹತ್ತೊಂಬತ್ತು ವರ್ಷದ ಅನುಭವ! ಓದುತ್ತ ಹೋದಂತೆ, ಅವರ ಲಿಫ್ಟಿಗೆ ಹಗ್ಗವಿಲ್ಲ, ಬಾಗಿಲಿಲ್ಲ, ಆಪರೇಟರ್ ಹುದ್ದೆಯೇ ಇಲ್ಲ, ರೆಕ್ಕೆಯ ಮೇಲೂ ಕೆಳಗೂ ಹರಿಯುವ ಗಾಳಿಯೇ ವಿಮಾನವನ್ನು ಎತ್ತುತ್ತದೆ ಎಂದು ತಿಳಿದು ಮುಖಭಂಗವಾಯಿತು. ಇನ್ನು ನಮ್ಮ ಲಿಫ್ಟಿನ ಇನ್ನೊಂದು ಹೆಸರಾದ ಎಲಿವೇಟರ್ ಎಂದರೆ ಅವರಲ್ಲಿ ವಿಮಾನದ ಬಾಲದಲ್ಲಿರುವ ಒಂದು ಪಟ್ಟಿ. ನನ್ನ ಇಡೀ ವೃತ್ತಿಯನ್ನು ತೆಗೆದುಕೊಂಡುಹೋಗಿ ಬಾಲಕ್ಕೆ ಕಟ್ಟಿದ್ದಾರೆ. ಆದರೂ ಬೇಸರಿಸದೆ ಓದಿದೆ. ಓದಿದ್ದನ್ನು ರಾತ್ರಿ ತಟ್ಟೆ, ಲೋಟ, ಚಮಚಗಳ ಸಹಾಯದಿಂದ ಒಪ್ಪಿಸಿದೆ.

ಬಟ್ಟೆ ಒಗೆಯುವ ಅಂಗಡಿಯಲ್ಲಿ ದುಡಿದು ಬರುವ ನನ್ನ ಹೆಂಡತಿ ವಾರಗಟ್ಟಲೆ ಇದನ್ನು ಸಹಿಸಿಕೊಂಡು, ಒಂದು ದಿನ ಮಾತ್ರ ಹೇಳಿದಳು: "ಇಬ್ರೂ ಸ್ವಲ್ಪ ಕೆಳಗಿಳೀರಿ. ಊಟ ಆರ್ತಿದೆ."

ಆರೋಪ 2: ಕಣ್ಣಿನ ರೋಗಿಯೊಬ್ಬರನ್ನು ಇಳಿಯಲು ಬಿಡದೆ ನಾಲ್ಕು ಸಲ ಮೇಲೆ ಕೆಳಗೆ ಸುತ್ತಿಸಿದ್ದು.

ಇದು ತಿರುಚಿದ ಆರೋಪ. ಸುತ್ತಿಸಿದ್ದು ನಾನಲ್ಲ, ಅವರು. ಮೂರನೇ ಮಹಡಿಯ ಕಣ್ಣಿನ ಡಾಕ್ಟರ ಬಳಿ ಬಂದಿದ್ದ ಆ ಹಿರಿಯರು ವಿಮಾನದ ನಿವೃತ್ತ ಮೆಕ್ಯಾನಿಕ್. ಒಂದು ಕಣ್ಣಿಗೆ ಪಟ್ಟಿ ಕಟ್ಟಿತ್ತು, ಕಿವಿ ಎರಡೂ ಚೆನ್ನಾಗಿದ್ದವು. ನಾನು ಗೋಡೆಗೆ ಮುಖ ಮಾಡಿ "ಸ್ಟಾಲ್ ಅಂದರೆ ಇಂಜಿನ್ ನಿಂತುಹೋಗುವುದು" ಎಂದು ಉರುಹೊಡೆಯುತ್ತಿದ್ದೆ.

"ತಪ್ಪು!" ಎಂದು ಹಿಂದಿನಿಂದ ಗುಡುಗಿದರು. ಗಾಬರಿಯಲ್ಲಿ ನಾನು ಲಿಫ್ಟ್ ನಡೆಸುವ ಹಿಡಿಕೆ ಬಿಟ್ಟೆ. "ಯಾವನಯ್ಯ ನಿಂಗೆ ಹೇಳಿಕೊಟ್ಟೋನು?"

"ನಾನೇ ಸಾರ್."

"ಇಂಜಿನ್ ಗಟ್ಟಿಮುಟ್ಟಾಗಿ ಓಡ್ತಾ ಇರೋವಾಗ್ಲೂ ಸ್ಟಾಲ್ ಆಗುತ್ತೆ. ಇಲ್ಲಿ ನೋಡು." ತಮ್ಮ ಕಣ್ಣಿನ ಫೈಲನ್ನು ರೆಕ್ಕೆಯಂತೆ ಹಿಡಿದರು. "ಇಷ್ಟೇ ಎತ್ತಿದ್ರೆ ಗಾಳಿ ಇದರ ಮೇಲೆ ಅಂಟ್ಕೊಂಡು ಹರಿಯುತ್ತೆ. ಇನ್ನೂ ಎತ್ತು, ಇನ್ನೂ ಎತ್ತು ಅಂತ ಮೂಗು ಮೇಲೆ ಮಾಡ್ತಾ ಹೋದ್ರೆ ಗಾಳಿ ಬಿಟ್ಟುಹೋಗುತ್ತೆ. ಆಮೇಲೆ ಏನು?"

"ಬೀಳುತ್ತೆ ಸಾರ್."

"ಬೀಳೋವಾಗ ಹೊಸಬ ಏನ್ಮಾಡ್ತಾನೆ? ಹೆದರಿ ಮೂಗು ಇನ್ನೂ ಮೇಲೆತ್ತುತ್ತಾನೆ. ಕಲಿತೋನು ಕೆಳಗೆ ಮಾಡ್ತಾನೆ. ಕೆಳಗೆ!"

ಕೆಳಗೆ ಎಂದು ಅವರು ಕೂಗಿದ್ದನ್ನು ಆದೇಶವೆಂದು ಭಾವಿಸಿ ನಾನು ಲಿಫ್ಟನ್ನು ಕೆಳಗಿಳಿಸಿದೆ. ಪಾಠ ಮುಗಿದಿರದ ಕಾರಣ ಮತ್ತೆ ಮೇಲೇರಿಸಿದೆ. ಹೀಗೆ ನಾಲ್ಕು ಸಲ ಆಯಿತು. ಐದನೇ ಸಲಕ್ಕೆ ಅವರೇ, "ಡಾಕ್ಟ್ರು ಕಾಯ್ತಿರ್ತಾರೆ, ನಾಳೆ ಬರ್ತೀನಿ" ಎಂದರು. ಮರುದಿನ ಕಣ್ಣಿನ ಕೆಲಸವಿಲ್ಲದಿದ್ದರೂ ಬಂದರು. ಹದಿನೆಂಟು ದಿನ ಬಂದರು. ರೆಕ್ಕೆಯ ತುದಿಯ ದೀಪಗಳಲ್ಲಿ ಎಡಗಡೆಯದು ಕೆಂಪು, ಬಲಗಡೆಯದು ಹಸಿರು ಎಂದು ಕಲಿಸಿದವರೂ ಅವರೇ. ನನ್ನ ಮಗಳು ಅದನ್ನು ಮರೆಯಬಾರದೆಂದು ಎಡಗಾಲಿನ ಶೂಗೆ ಕೆಂಪು ಲೇಸು, ಬಲಗಾಲಿಗೆ ಹಸಿರು ಲೇಸು ಕಟ್ಟಿಕೊಂಡು ಓಡಾಡಿದಳು. ಅದು ಹೊಸ ಫ್ಯಾಷನ್ ಎಂದು ತಿಳಿದು ಇಬ್ಬರು ಗಿರಾಕಿಗಳು ಹಾಗೆಯೇ ಕಟ್ಟಿಸಿಕೊಂಡು ಹೋದರಂತೆ.

ಆರೋಪ 3: ನಾಲ್ಕು ಮತ್ತು ಐದನೇ ಮಹಡಿಗಳ ನಡುವೆ ಲಿಫ್ಟ್ ಹನ್ನೊಂದು ನಿಮಿಷ ನಿಂತಿದ್ದಾಗ, ಸಹಾಯಕ್ಕೆ ಕೂಗುವ ಬದಲು ಪ್ರಯಾಣಿಕರಿಗೆ ಪಾಠ ಮಾಡಿದ್ದು.

ಆ ಪ್ರಯಾಣಿಕರು ತಾವೇ ಎಂಬುದು ನೋಟಿಸಿನಲ್ಲಿ ಕೈತಪ್ಪಿ ಬಿಟ್ಟುಹೋಗಿದೆ.

ನಡೆದದ್ದು ಇಷ್ಟು. ವಿದ್ಯುತ್ ಹೋಯಿತು. ಲಿಫ್ಟ್ ಜಗ್ಗಿ ನಿಂತಿತು. ದೊಡ್ಡ ದೀಪ ಆರಿ, ಬಾಗಿಲ ಮೇಲಿನ ಪುಟ್ಟ ದೀಪ ಹತ್ತಿಕೊಂಡಿತು. ನಾನು ಗಂಟೆ ಒತ್ತಿದೆ. ಮೂರು ಸಲ ಕೂಗಿಯೂ ಕೂಗಿದೆ. ಕಾವಲುಗಾರ ಕೆಳಗಿನಿಂದ "ಬಂದೆ ಬಂದೆ" ಎಂದ. ಬರಲಿಲ್ಲ. ಆಗ ತಾವು ಕೇಳಿದಿರಿ: "ಏನ್ರೀ, ಹಗ್ಗ ಕಡಿದ್ರೆ?"

"ಕಡಿಯಲ್ಲ ಸಾರ್. ಆರು ಹಗ್ಗ ಇದೆ."

"ನಂಗೆ ಬೀಳ್ತಾ ಇದೀವಿ ಅನ್ನಿಸ್ತಿದೆ. ಏನಾದ್ರೂ ಮಾತಾಡ್ರೀ. ಸುಮ್ನಿರ್ಬೇಡಿ, ಮಾತಾಡ್ತಾ ಇರಿ."

ಮೇಲಧಿಕಾರಿಗಳ ಮೌಖಿಕ ಆದೇಶವಾದ್ದರಿಂದ ಪಾಲಿಸಿದೆ. ಆ ಹೊತ್ತಿಗೆ ನನ್ನ ತಲೆಯಲ್ಲಿದ್ದದ್ದು ಆರನೇ ಅಧ್ಯಾಯ ಒಂದೇ. ಮೋಡದೊಳಗೆ ಹೊಕ್ಕ ಪೈಲಟ್ಟಿಗೆ ಹೊರಗೇನೂ ಕಾಣುವುದಿಲ್ಲ. ನೆಟ್ಟಗೆ ಹೋಗುತ್ತಿದ್ದರೂ ವಾಲಿದಂತೆ, ಬೀಳುತ್ತಿದ್ದಂತೆ ಮೈಗೆ ಅನಿಸುತ್ತದೆ. ಅಂಥ ಹೊತ್ತಿನಲ್ಲಿ ಮೈಯನ್ನು ನಂಬಬಾರದು, ಎದುರಿಗಿರುವ ಉಪಕರಣಗಳನ್ನು ನಂಬಬೇಕು. ಇದನ್ನೇ ಹೇಳಿದೆ: "ಮೈ ಸುಳ್ಳು ಹೇಳುತ್ತೆ ಸಾರ್. ಮುಳ್ಳು ನೋಡಿ."

"ಯಾವ ಮುಳ್ಳು?"

ನಮ್ಮದು ಹಳೆಯ ಲಿಫ್ಟಾದ್ದರಿಂದ ಬಾಗಿಲ ಮೇಲೆ ಮಹಡಿ ತೋರಿಸುವ ಹಿತ್ತಾಳೆಯ ಮುಳ್ಳಿದೆ. ನಾಲ್ಕಕ್ಕೂ ಐದಕ್ಕೂ ನಡುವೆ ನಿಂತಿತ್ತು. "ಅಲ್ಲಾಡ್ತಾ ಇದೆಯಾ ಸಾರ್?" ಎಂದು ಕೇಳಿದೆ.

ತಾವು ಬಹಳ ಹೊತ್ತು ನೋಡಿ, "ಇಲ್ಲ" ಎಂದಿರಿ. ಮತ್ತೆ, "ಇಲ್ಲ ಕಣ್ರೀ, ಅಲ್ಲಾಡ್ತಾ ಇಲ್ಲ" ಎಂದಿರಿ. ನಂತರ ತಮ್ಮ ಉಸಿರಾಟ ಸರಿಹೋಯಿತು. ಉಳಿದ ಸಮಯದಲ್ಲಿ ತಾವು ಎತ್ತರ ತೋರಿಸುವ ಉಪಕರಣ ಗಾಳಿಯ ಒತ್ತಡವನ್ನು ಅಳೆಯುತ್ತದೆ ಎಂಬುದನ್ನು ಒಂದೇ ಸಲಕ್ಕೆ ಸರಿಯಾಗಿ ಹೇಳಿದ್ದನ್ನು ಇಲ್ಲಿ ಮೆಚ್ಚುಗೆಯಿಂದ ದಾಖಲಿಸುತ್ತೇನೆ. ತಾವು ಅಷ್ಟೂ ಹೊತ್ತು ನನ್ನ ಕೈ ಹಿಡಿದುಕೊಂಡಿದ್ದ ವಿಚಾರವನ್ನು ತಾವು ನೋಟಿಸಿನಲ್ಲಿ ನಮೂದಿಸಿಲ್ಲವಾದ್ದರಿಂದ ನಾನೂ ನಮೂದಿಸುತ್ತಿಲ್ಲ.

ಆರೋಪ 4: ಮೂರು ವಾರಗಳ ಕಾಲ ಪ್ರಯಾಣಿಕರನ್ನು ತಪ್ಪು ಮಹಡಿಗಳಲ್ಲಿ ಇಳಿಸಿದ್ದು.

ಇದಕ್ಕೆ ಮಾತ್ರ ನನ್ನಲ್ಲಿ ಹಾಸ್ಯವಿಲ್ಲ, ಕ್ಷಮಿಸಬೇಕು.

ಪರೀಕ್ಷೆ ಬರೆದು ಹೊರಬಂದ ಮಗಳು ಗೇಟಿನ ಮುಂದಿನ ಮೆಟ್ಟಿಲ ಮೇಲೆ ಕೂತಳು. ದೀಪಗಳ ಪ್ರಶ್ನೆ ಬಂದಿತ್ತು, ಶೂ ನೋಡಿಕೊಂಡು ಬರೆದಿದ್ದಳು. ಸ್ಟಾಲ್ ಬಂದಿತ್ತು. ನಾನು ನೀರು ಕೊಟ್ಟೆ. ಕುಡಿಯಲಿಲ್ಲ.

"ಅಪ್ಪಾ, ರನ್‌ವೇ ಇಪ್ಪತ್ತೇಳು ಅಂದ್ರೆ ಏನು?"

"ಇಪ್ಪತ್ತೇಳನೇ ರನ್‌ವೇ. ಮಹಡಿಗೆ ನಂಬರ್ ಇಲ್ವಾ, ಹಾಗೆ. ಹೇಳಿದ್ನಲ್ಲ."

"ಹ್ಞೂಂ, ಹೇಳಿದ್ದೆ. ಅದನ್ನೇ ಬರೆದೆ." ಎಡಗಾಲಿನ ಕೆಂಪು ಲೇಸನ್ನು ಬಿಚ್ಚಿ ಮತ್ತೆ ಕಟ್ಟಿದಳು. "ಅದು ದಿಕ್ಕು ಅಪ್ಪಾ. ದಿಕ್ಸೂಚಿಯ ಇನ್ನೂರ ಎಪ್ಪತ್ತು ಡಿಗ್ರಿ. ಕೊನೇ ಸೊನ್ನೆ ಬಿಟ್ಟು ಇಪ್ಪತ್ತೇಳು ಅಂತ ಬರೀತಾರೆ. ಪಶ್ಚಿಮಕ್ಕೆ ಮುಖ ಮಾಡಿರೋ ರನ್‌ವೇ. ಪಕ್ಕದಲ್ಲಿ ಕೂತಿದ್ದೋಳು ಈಗ ಹೇಳಿದ್ಲು."

ಮಾನ್ಯರೇ, ಆ ಪುಟ ಪುಸ್ತಕದಲ್ಲಿತ್ತು. ನಾನು ಓದಲಿಲ್ಲ. ಮಹಡಿ, ನಂಬರ್, ಇದೇನು ಮಹಾ, ಇಷ್ಟೂ ಗೊತ್ತಿಲ್ಲವೇ ನನಗೆ ಎಂದು ಮಗುಚಿಹಾಕಿದೆ. ಅಷ್ಟೇ ಅಲ್ಲ, ಇಪ್ಪತ್ತೇಳು ರನ್‌ವೇ ಇರುವ ವಿಮಾನ ನಿಲ್ದಾಣ ಎಷ್ಟು ದೊಡ್ಡದಿರಬೇಕು ಎಂದು ಊಟದ ಹೊತ್ತಿನಲ್ಲಿ ಬಣ್ಣಿಸಿಯೂ ಇದ್ದೆ. ಮಗಳು ಬಾಯಿಬಿಟ್ಟು ಕೇಳಿದ್ದಳು.

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. "ಹೋಗ್ಲಿ ಬಿಡು, ಒಂದೇ ಮಾರ್ಕು" ಎಂದಳು. ಒಂದು ಅಂಕದಲ್ಲಿ ಉಳಿದವರೂ ಹೋದವರೂ ಇದ್ದಾರೆಂದು ಅವಳಿಗೂ ಗೊತ್ತು, ನನಗೂ ಗೊತ್ತು. ಫಲಿತಾಂಶಕ್ಕೆ ಮೂರು ವಾರ. ಆ ಮೂರು ವಾರ ಅವಳು ಅಂಗಡಿಗೆ ಹೋಗಿ ಪಾದ ಅಳೆದಳು. ನಾನು ಹಿಡಿಕೆ ತಿರುಗಿಸಿದೆ. ಯಾರು ಯಾವ ಮಹಡಿ ಹೇಳಿದರೂ ನನಗೆ ಇಪ್ಪತ್ತೇಳು ಎಂದೇ ಕೇಳುತ್ತಿತ್ತು. ಈ ಕಟ್ಟಡದಲ್ಲಿ ಅಷ್ಟು ಮಹಡಿ ಇಲ್ಲದ ಕಾರಣ ಕೈಗೆ ಬಂದಲ್ಲಿ ನಿಲ್ಲಿಸಿದೆ. ಏಳನೇ ಮಹಡಿಯ ವಕೀಲರ ಕಕ್ಷಿದಾರರೊಬ್ಬರು ಎರಡನೇ ಮಹಡಿಯ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಕೂತದ್ದು ಆ ದಿನಗಳಲ್ಲೇ.

ಆರೋಪಪಟ್ಟಿಯಲ್ಲಿ ಇಲ್ಲದ, ಆದರೆ ತಮಗೆ ತಿಳಿದಿರಬೇಕಾದ ಸಂಗತಿ:

ಫಲಿತಾಂಶ ಬಂತು. ವಿಮಾನ ಭಾಗದಲ್ಲಿ ಇಪ್ಪತ್ತಕ್ಕೆ ಹದಿನಾರು. ಒಟ್ಟಾರೆ, ಬೇಕಾದದ್ದಕ್ಕಿಂತ ಎರಡು ಅಂಕ ಹೆಚ್ಚು. ನಾನು ಹಾಳೆಯಲ್ಲಿದ್ದ ಅಂಕಗಳನ್ನು ನಾಲ್ಕು ಸಲ ಕೂಡಿ ನೋಡಿದೆ. ಮಗಳು, "ಅಪ್ಪಾ, ಅವರೇ ಕೂಡಿದಾರೆ, ಕೊಡು ಇಲ್ಲಿ" ಎಂದು ಕಿತ್ತುಕೊಂಡಳು.

ಅದರ ಮರುವಾರ ಸಂದರ್ಶನ ನಡೆಯಿತು. ಮೂವರು ಅಧಿಕಾರಿಗಳು. ನಡುವೆ ಕೂತಿದ್ದ ಮೇಡಂ, "ಪೈಲಟ್ ತನ್ನ ಮೈಗಿಂತ ಉಪಕರಣವನ್ನು ಯಾಕೆ ನಂಬಬೇಕು?" ಎಂದು ಕೇಳಿದರಂತೆ. ಮಗಳು ಪುಸ್ತಕದ ಉತ್ತರ ಹೇಳಿದಳು. ಅವರಿಗೆ ಸಾಲಲಿಲ್ಲ. "ಒಂದು ಉದಾಹರಣೆ ಕೊಡಿ" ಎಂದರು. ಮಗಳು ಕೊಟ್ಟಳು. ನಾಲ್ಕು ಮತ್ತು ಐದನೇ ಮಹಡಿಗಳ ನಡುವಿನ ಹನ್ನೊಂದು ನಿಮಿಷಗಳನ್ನು ಒಂದೂ ಬಿಡದೆ ಹೇಳಿದಳು. ಮೂವರೂ ನಕ್ಕರಂತೆ, ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರಂತೆ. ಆಮೇಲೆ, "ನಿಮಗೆ ಇದನ್ನೆಲ್ಲ ಯಾರು ಹೇಳಿಕೊಟ್ಟಿದ್ದು?" ಎಂದು ಕೇಳಿದರು.

"ನಮ್ಮಪ್ಪ. ಲಿಫ್ಟ್ ನಡೆಸ್ತಾರೆ."

ಇದಕ್ಕೆ ಯಾರೂ ನಗಲಿಲ್ಲವೆಂದು ಮಗಳು ಹೇಳಿದಳು. ತಾವು ಚಿಂತಿಸಬೇಕಾಗಿಲ್ಲ, ತಮ್ಮ ಹುದ್ದೆಯನ್ನಷ್ಟೇ ಹೇಳಿದ್ದಾಳೆ, ಹೆಸರು ಹೇಳಿಲ್ಲ. ಆ ಉದಾಹರಣೆಯಿಂದಾಗಿ ಆಕೆಯ ಆಯ್ಕೆಯಲ್ಲಿ ತಮ್ಮ ಪಾಲೂ ಇರುವುದನ್ನು ಅಲ್ಲಗಳೆಯಲಾಗದು. ಆಯ್ಕೆಪತ್ರ ಮತ್ತು ತಮ್ಮ ನೋಟಿಸ್ ಒಂದೇ ದಿನ ನನ್ನ ಕೈಸೇರಿದವು. ಎರಡರಲ್ಲೂ "ತಪ್ಪದೆ ಹಾಜರಾಗತಕ್ಕದ್ದು" ಎಂದಿತ್ತು.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದಾಗಿ, ಆರೋಪ 1, 2 ಮತ್ತು 3ನ್ನು ಕೈಬಿಡಬೇಕಾಗಿಯೂ, ಆರೋಪ 4ಕ್ಕೆ ತಮಗೆ ಸರಿಕಂಡ ಶಿಕ್ಷೆ ವಿಧಿಸಬೇಕಾಗಿಯೂ, ಮಗಳು ತರಬೇತಿಗೆ ಹೊರಡುವ ಬರುವ ಗುರುವಾರ ನನಗೆ ಒಂದು ಪೂರ್ತಿ ದಿನದ ರಜೆ ಮಂಜೂರು ಮಾಡಬೇಕಾಗಿಯೂ ಪ್ರಾರ್ಥಿಸುತ್ತೇನೆ.

ಹತ್ತೊಂಬತ್ತು ವರ್ಷದಿಂದ ಹೇಗೋ ಇಂದೂ ಹಾಗೆಯೇ ತಮ್ಮ ವಿಶ್ವಾಸಿ,
(ಸಹಿ)
ಲಿಫ್ಟ್ ಆಪರೇಟರ್

ಲಗತ್ತುಗಳು:
1. ಕಾರಣ ಕೇಳುವ ನೋಟಿಸಿನ ಮೂಲಪ್ರತಿ (ಒಂದು ಮೂಲೆ ಕನ್ನಡಿಯಲ್ಲೇ ಉಳಿದಿದೆ).
2. ಆಯ್ಕೆಪತ್ರದ ನಕಲು. ಮೂಲಪ್ರತಿಯನ್ನು ನನ್ನ ಹೆಂಡತಿ ಯಾರ ಕೈಗೂ ಕೊಡುತ್ತಿಲ್ಲ, ಒದ್ದೆ ಕೈಯಲ್ಲಿ ತಾನೂ ಮುಟ್ಟುತ್ತಿಲ್ಲ.
3. ವಕೀಲರ ಕಕ್ಷಿದಾರರಿಗೆ ನಿಜಕ್ಕೂ ಎರಡು ಹಲ್ಲು ಹುಳುಕಾಗಿದ್ದವೆಂದು ಹಲ್ಲಿನ ಡಾಕ್ಟರು ಕೊಟ್ಟಿರುವ ಪತ್ರ.

ವಿಶೇಷ ಸೂಚನೆ: ರೈಲು ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಹೊರಡುತ್ತದೆ. ನಿಲ್ದಾಣದಿಂದ ಇಲ್ಲಿಗೆ ಅರ್ಧ ಗಂಟೆಯ ನಡಿಗೆ. ಹತ್ತು ಗಂಟೆಗೆಲ್ಲ ಕೆಲಸಕ್ಕೆ ಬರಬಹುದಲ್ಲ, ಪೂರ್ತಿ ದಿನ ಏಕೆ ಎಂದು ತಾವು ಕೇಳುವಿರಿ. ರೈಲು ಹೋದ ಮೇಲೆ ಅಳುವುದಿದೆ. ಎಷ್ಟು ಹೊತ್ತು ಹಿಡಿಯುತ್ತದೆಂದು ಈಗಲೇ ಹೇಳಲಾಗದು. ರಜೆ ಪುಸ್ತಕದಲ್ಲಿ ಇದಕ್ಕೆ ಬೇರೆ ಕಾಲಂ ಇಲ್ಲವಾದ್ದರಿಂದ, "ಸ್ವಂತ ಕೆಲಸ" ಎಂದು ಬರೆದುಕೊಳ್ಳಬೇಕಾಗಿ ಕೋರಿಕೆ.